ನೆಲ ಒಣಗಿದೆ, ಕೂಲಂಟ್ ಮಾತ್ರ ಖಾಲಿ ಆಗ್ತಿದೆ! ಹಳೇ ಪೆಟ್ರೋಲ್ ಗಾಡಿ, ಗೊತ್ತಿರೋರು ಹೇಳಿ

ಹಾಸನ_ಹಳೇಗಾಡಿ | ಭಾನುವಾರ ರಾತ್ರಿ 9:12

ಎಲ್ರಿಗೂ ನಮಸ್ಕಾರ. ಗಾಡಿ ಯಾವ ಕಂಪನಿದು ಅಂತ ಮಾತ್ರ ಕೇಳ್ಬೇಡಿ, ಹೇಳಿದ್ರೆ ಆ ಕಂಪನಿ ಚೆನ್ನಾಗಿದ್ಯಾ ಈ ಕಂಪನಿ ಚೆನ್ನಾಗಿದ್ಯಾ ಅಂತಲೇ ನಾಕು ಪುಟ ಜಗಳ ಆಗುತ್ತೆ ಇಲ್ಲಿ. 2006ರ ಮಾಡೆಲ್ಲು, 1.1 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, 1,12,000 ಕಿಮೀ ಆಗಿದೆ. ಅಪ್ಪ ರಿಟೈರ್ ಆಗೋ ಮುಂಚೆ ತಗೊಂಡಿದ್ದು, 2021ರಲ್ಲಿ ಎಫ್‌ಸಿ ಮಾಡಿಸಿ ಆರ್‌ಸಿ ಐದು ವರ್ಷ ಮುಂದಕ್ಕೆ ಹಾಕಿಸ್ಕೊಂಡ್ವಿ, ಮಾರೋಕೆ ಅಪ್ಪಂಗೆ ಮನಸ್ಸಿಲ್ಲ, ನಂಗೂ ಇಲ್ಲ.

ವಿಷಯ ಏನಂದ್ರೆ ಎರಡು ತಿಂಗಳಿಂದ ಕೂಲಂಟ್, ಅದೇ ಇಂಜಿನ್ ತಣ್ಣಗಿಡೋ ದ್ರವ, ಎಲ್ಲೋ ಹೋಗ್ತಿದೆ. ಹಾಸನದಿಂದ ಬೆಂಗಳೂರಿಗೆ ಹೋಗಿ ವಾಪಸ್ ಬರೋಷ್ಟರಲ್ಲಿ ಹತ್ರ ಹತ್ರ ಅರ್ಧ ಲೀಟರ್ ಖಾಲಿ. ಊರೊಳಗೇ ಓಡಾಡಿದ್ರೆ ಅಷ್ಟು ಹೋಗಲ್ಲ. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ ಬೆಳಿಗ್ಗೆ ನೋಡಿದ್ರೆ ಒಂದು ಹನಿ ಇಲ್ಲ. ಮೊದಲನೇ ಗ್ಯಾರೇಜ್‌ನೋರು ನೋಡಿ ರೇಡಿಯೇಟರ್ ಹೋಗಿದೆ ಅಂದ್ರು, ಹೊಸದು ಹಾಕಿಸ್ದೆ, 4,200 ಆಯ್ತು, ಜೊತೆಗೆ "ಈ ವಾಲ್ವ್ ನಮ್ಮ ಊರಿಗೆ ಬೇಡ ಸಾರ್" ಅಂತ ಥರ್ಮೋಸ್ಟಾಟ್ ಕೂಡ ತೆಗೆದುಹಾಕಿದ್ರು. ವಾರ ಬಿಟ್ಟು ನೋಡಿದ್ರೆ ಅದೇ ಕಥೆ. ಎರಡನೇ ಗ್ಯಾರೇಜ್‌ನೋರು ಬಾನೆಟ್ ತೆಗೆದು ಎರಡು ನಿಮಿಷ ನೋಡಿ ಹೆಡ್ ಗ್ಯಾಸ್ಕೆಟ್ಟು (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರೋ ಸೀಲು) ಹೋಗಿದೆ, ಹೆಡ್ ಇಳಿಸ್ಬೇಕು, 14,000 ಆಗುತ್ತೆ ಅಂದ್ರು.

ಹೋದ ವಾರ ಧರ್ಮಸ್ಥಳದಿಂದ ಬರ್ತಾ ಶಿರಾಡಿ ಹತ್ತುವಾಗ ಟೆಂಪರೇಚರ್ ಮುಳ್ಳು ಮುಕ್ಕಾಲಿಗೆ ಹೋಗಿ ಆಮೇಲೆ ಇದ್ದಕ್ಕಿದ್ದಂಗೆ ಕೆಳಗೆ ಇಳೀತು, ಅಬ್ಬಾ ಸರಿಹೋಯ್ತು ಅಂದ್ಕೊಂಡೆ, ಅಷ್ಟ್ರಲ್ಲಿ ಮಾರನಹಳ್ಳಿ ಹತ್ರ ಅಮ್ಮ ಕಾಫಿ ಅಂದ್ರು ನಿಲ್ಲಿಸ್ದೆ, ಬಾನೆಟ್ಟಿಂದ ಬೆಲ್ಲದ ಪಾಕದ ಥರ ವಾಸನೆ. ಒಂದು ಗಂಟೆ ಬಿಟ್ಟು ನೀರು ಹಾಕ್ಕೊಂಡು ನಿಧಾನಕ್ಕೆ ಮನೆ ಸೇರಿದ್ವಿ.

ಈಗ 14,000 ಹಾಕೋದಾ ಬೇಡ್ವಾ ಅನ್ನೋದೇ ಪ್ರಶ್ನೆ.

ಘಾಟಿ_ಡ್ರೈವರ್ | ಭಾನುವಾರ ರಾತ್ರಿ 9:40

ಎರಡು ಚಮಚ ಅರಿಶಿನ ಪುಡಿ ರೇಡಿಯೇಟರ್‌ಗೆ ಹಾಕಿ ಸಾರ್. ನಾನು ಇಪ್ಪತ್ತೆಂಟು ವರ್ಷ ಚಾರ್ಮಾಡಿಲಿ ಟ್ಯಾಕ್ಸಿ ಓಡ್ಸಿದೀನಿ, ಅಣಿಯೂರಲ್ಲೋ ಕೊಟ್ಟಿಗೆಹಾರದಲ್ಲೋ ಅಂಗಡಿಲಿ ಅರಿಶಿನ ತಗೊಂಡು ಹಾಕಿ ಮಂಗಳೂರು ಮುಟ್ಟಿಸಿದ್ದು ಎಷ್ಟು ಸಲ ಅಂತ ಲೆಕ್ಕ ಇಲ್ಲ. ಸಣ್ಣ ತೂತು ಇದ್ರೆ ಅಲ್ಲೇ ಕೂತ್ಕೊಳತ್ತೆ.

ಕುಡ್ಲದ_ಮಳೆ | ಭಾನುವಾರ ರಾತ್ರಿ 9:58

ಮಾರಾಯ್ರೆ ಅದು ಸಾರಿಗೆ ಹಾಕ್ಲಿಕ್ಕೆ ಇರುವುದು. ಆವತ್ತು ಮುಟ್ಟಿಸ್ಲಿಕ್ಕೆ ಆದೀತು, ಆದರೆ ತೂತು ಯಾವುದು ಹೀಟರ್ ಕೋರಿನ (ಗಾಡಿಯೊಳಗೆ ಬಿಸಿಗಾಳಿ ಕೊಡುವ ಭಾಗ) ಸಣ್ಣ ದಾರಿ ಯಾವುದು ಅಂತ ಅರಿಶಿನಕ್ಕೆ ಗೊತ್ತುಂಟಾ? ನನ್ನ ಭಾವನ ಗಾಡಿಯಲ್ಲಿ ಹೀಗೇ ಮಾಡಿ ಮೂರು ತಿಂಗಳಿಗೆ ಹೀಟರ್ ಬ್ಲಾಕ್, ರೇಡಿಯೇಟರ್ ಅರ್ಧ ಬ್ಲಾಕ್. ಬಾಟಲಿಯಲ್ಲಿ ಬರುವ ಲೀಕ್ ಸ್ಟಾಪ್ ಕೂಡ ಹಾಗೇ.

ಘಾಟಿ_ಡ್ರೈವರ್ | ಭಾನುವಾರ ರಾತ್ರಿ 10:05

ನಾನು ಜೀವನಪೂರ್ತಿ ಹಾಕಿ ಅಂದ್ನಾ. ರಾತ್ರಿ ಹನ್ನೊಂದಕ್ಕೆ ಘಾಟಿ ಮಧ್ಯೆ ಮಕ್ಕಳು ಮರಿ ಇಟ್ಕೊಂಡು ನಿಂತಾಗ ನಿಮ್ಮ ಭಾವ ಬರಲ್ಲ, ಅರಿಶಿನ ಬರುತ್ತೆ. ಆಗಿನ ರೇಡಿಯೇಟರ್ ತಾಮ್ರ ಹಿತ್ತಾಳೆದು, ಊರಿಗೆ ಬಂದ್ಮೇಲೆ ಬೆಸುಗೆ ಹಾಕೋನ ಹತ್ರ ಬಿಚ್ಚಿ ತೊಳ್ಸಿ ಬೆಸುಗೆ ಹಾಕ್ಸಿದ್ರೆ ಮುಗೀತು. ಈಗಿಂದು ಅಲ್ಯೂಮಿನಿಯಂ ಕೋರು, ಮೇಲೆ ಕೆಳಗೆ ಪ್ಲಾಸ್ಟಿಕ್ ಟ್ಯಾಂಕು, ಬೆಸುಗೆಗೆ ಬಗ್ಗಲ್ಲ, ಬಿಸಾಕ್ಬೇಕು ಅಷ್ಟೆ.

ಹನ್ನೆರಡು_ಹದಿಮೂರು | ಭಾನುವಾರ ರಾತ್ರಿ 11:20

ಈಗ ಗ್ಯಾರೇಜ್ ಬಾಗಿಲು ಹಾಕಿ ಬಂದೆ, ಕೈ ತೊಳೆದು ಟೈಪ್ ಮಾಡ್ತಿದೀನಿ. ಹಾಸನ ಅವ್ರೇ, ಮೊದ್ಲು ಆ ಮುಳ್ಳಿನ ವಿಷ್ಯ. ಮುಳ್ಳು ಮೇಲೆ ಹೋಗಿ ದಿಢೀರ್ ಅಂತ ಕೆಳಗೆ ಬಿತ್ತು ಅಂದ್ರೆ ಇಂಜಿನ್ ತಣ್ಣಗಾಯ್ತು ಅಂತ ಅಲ್ಲ. ಆ ಸೆನ್ಸರ್ ನೀರಲ್ಲಿ ಮುಳುಗಿದ್ರೆ ಮಾತ್ರ ಸರಿಯಾಗಿ ಹೇಳುತ್ತೆ, ನೀರು ಅದಕ್ಕಿಂತ ಕೆಳಗೆ ಇಳಿದ್ರೆ ಅದು ಗಾಳಿಲಿ ನಿಂತು ಸುಳ್ಳು ಹೇಳುತ್ತೆ. ನಿಮ್ಮಮ್ಮ ಕಾಫಿ ಕೇಳಿದ್ದಕ್ಕೆ ಇಂಜಿನ್ ಉಳ್ಕೊಂಡಿದೆ, ಇನ್ನೊಂದು ಹತ್ತು ಕಿಲೋಮೀಟರ್ ಹೊಡ್ದಿದ್ರೆ ಹೆಡ್ ಸೊಟ್ಟ ಆಗಿ 14,000 ಅಲ್ಲ 30,000 ಆಗ್ತಿತ್ತು. ಅಲ್ಯೂಮಿನಿಯಂ ಹೆಡ್ ಅದು, ಕೂದಲೆಳೆಯಷ್ಟು ಬಾಗಿದ್ರೂ ಲೇತಿಗೆ ಕೊಟ್ಟು ಫೇಸಿಂಗ್, ಅಂದ್ರೆ ಮೇಲ್ಮೈ ಮಟ್ಟ, ಮಾಡಿಸ್ಬೇಕು.

ಇನ್ನು ಥರ್ಮೋಸ್ಟಾಟ್ ಕಿತ್ತು ಹಾಕಿದೋರಿಗೆ ಏನ್ ಹೇಳೋದು. ನಮ್ಮ ಊರಿಗೆ ಬೇಡ ಅನ್ನೋದು ನಮ್ಮಲ್ಲಿ ದೊಡ್ಡ ರೋಗ. ಅದು 82, 88 ಹಿಂಗೆ ಒಂದು ಡಿಗ್ರಿಗೆ ತೆಗೆಯೋ ಬಾಗಿಲು. ಅಲ್ಲೀವರೆಗೂ ನೀರು ಇಂಜಿನ್ ಒಳಗೇ ಸುತ್ತಿ ಬೇಗ ಬಿಸಿ ಆಗ್ಬೇಕು. ಕಿತ್ತು ಹಾಕಿದ್ರೆ ಇಂಜಿನ್ ಸರಿಯಾದ ಬಿಸಿಗೆ ಬರೋದೇ ಇಲ್ಲ, ಹೈವೇಲಿ ಇನ್ನೂ ತಣ್ಣಗೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಪಿಸ್ಟನ್ ರಿಂಗು, ಸಿಲಿಂಡರ್ ಬೋರು ಬೇಗ ಸವೆಯುತ್ತೆ. ಲೀಕಿಗೂ ಅದಕ್ಕೂ ಸಂಬಂಧನೇ ಇಲ್ಲ.

ಈಗ ನೀವು ಇದಕ್ಕೆಲ್ಲ ಉತ್ರ ಕೊಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಬಿಳಿ ಹೊಗೆ ಬರುತ್ತಾ, ಬಂದ್ರೆ ಬಿಸಿ ಆದ್ಮೇಲೂ ಬರುತ್ತಾ? ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಒಳಗೆ ಹಾಲುಕಾಫಿ ಕೆನೆ ಥರ ಇದ್ಯಾ? ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದ್ರೆ ಗುಳುಗುಳು ಅಂತ ಗುಳ್ಳೆ ನಿಲ್ದೇ ಬರುತ್ತಾ? ಎಡಗಡೆ ಸೀಟಿನ ಮುಂದೆ ಕಾರ್ಪೆಟ್ ಕೆಳಗೆ ಕೈ ಹಾಕಿದ್ರೆ ಅಂಟಂಟು ಒದ್ದೆ ಇದ್ಯಾ? ಪೂರ್ತಿ ತಣ್ಣಗಿದ್ದಾಗ ಅಂತ ಎರಡು ಸಲ ಓದ್ಕೊಳಿ. ಬಿಸಿ ಇದ್ದಾಗ ಕ್ಯಾಪ್ ತೆಗೆದು ಮುಖ ಸುಟ್ಕೊಂಡೋರನ್ನ ನಾನೇ ಆಸ್ಪತ್ರೆಗೆ ಸೇರ್ಸಿದೀನಿ.

ಧಾರವಾಡ_ಪೇಢಾ | ಸೋಮವಾರ ಬೆಳಿಗ್ಗೆ 7:15

ಅಲ್ರೀ, ಯಾವ ನೀರ ಹಾಕ್ತೀರಿ ಅಂತ ಒಬ್ರೂ ಕೇಳ್ಲಿಲ್ಲಲ್ರೀ. ನಮ್ಮ ಕಾಕಾನ ಗಾಡ್ಯಾಗ ಹತ್ತ ವರ್ಷ ಬೋರಿನ ನೀರ ಹಾಕ್ಕೋತ ಬಂದಿದ್ರು, ಬಿಚ್ಚಿ ನೋಡಿದ್ರ ಒಳಗ ಸುಣ್ಣಾ ಹಿಡದು ಚಾದ ಕಿಟ್ಲಿ ಆಗಿತ್ತು. ಬ್ಲಾಕಿನ ಬಾಜೂಕ ಒಂದ್ ರೂಪಾಯಿ ಬಿಲ್ಲೆಗತೆ ತಗಡಿನ ಪ್ಲಗ್ ಇರ್ತಾವಲ್ರೀ, ಅವು ಒಳಗಿಂದ ಜಂಗ ತಿಂದು ತೂತ. ಹೊರಗ ಕಾಣಂಗಿಲ್ಲ, ಮ್ಯಾನಿಫೋಲ್ಡ್ (ಇಂಜಿನ್ನಿನ ಗಾಳಿ, ಹೊಗಿ ಓಡಾಡೂ ಪೈಪಿನ ಜೋಡಣಿ) ಹಿಂದ ಅಡಗಿರ್ತಾವ.

ಹಾಸನ_ಹಳೇಗಾಡಿ | ಸೋಮವಾರ ಬೆಳಿಗ್ಗೆ 8:30

ಗುರುಗಳೇ ಬೆಳಿಗ್ಗೆನೇ ಎಲ್ಲಾ ನೋಡ್ದೆ. ಸ್ಟಾರ್ಟ್ ಮಾಡ್ದಾಗ ಸ್ವಲ್ಪ ಆವಿ, ಎರಡು ನಿಮಿಷಕ್ಕೆ ನಿಂತುಹೋಯ್ತು. ಆಯಿಲ್ ಮುಚ್ಚಳ ಸ್ವಚ್ಛ. ಮೊದ್ಲು ನಾಕೈದು ಗುಳ್ಳೆ ಬಂತು ಆಮೇಲೆ ಇಲ್ಲ. ಕಾರ್ಪೆಟ್ ಒಣ.

ನೀರಿನ ವಿಷ್ಯ ಬಂದಿದ್ದಕ್ಕೆ ಹೇಳ್ತೀನಿ, ಅಪ್ಪ ಎಷ್ಟೋ ವರ್ಷ ನಲ್ಲಿ ನೀರೇ ಹಾಕ್ತಿದ್ರು. ಕೂಲಂಟ್ ಅನ್ನೋದು ಶೋರೂಮಿನೋರ ಬಿಸಿನೆಸ್ಸು ಅಂತ ಈಗ್ಲೂ ವಾದ ಮಾಡ್ತಾರೆ. ನಾನು ಮೂರು ವರ್ಷದಿಂದ ಹಸಿರು ಕೂಲಂಟ್ ಹಾಕ್ತಿದೀನಿ. ಒಂದು ಡೌಟು, ನೀರು ಬೆರೆಸ್ದೆ ಪೂರ್ತಿ ಕಾನ್ಸಂಟ್ರೇಟೇ ಹಾಕಿದ್ರೆ ಇನ್ನೂ ಸ್ಟ್ರಾಂಗ್ ಅಲ್ವಾ?

ಚಳಿನಾಡ_ಕನ್ನಡಿಗ | ಸೋಮವಾರ ಬೆಳಿಗ್ಗೆ 9:05

ಅಲ್ಲ, ಉಲ್ಟಾ ಆಗುತ್ತೆ. ನಾನಿರೋದು ವಿನ್ನಿಪೆಗ್‌ನಲ್ಲಿ, ಚಳಿಗಾಲದಲ್ಲಿ ಮೈನಸ್ 30 ಅನ್ನೋದು ಇಲ್ಲಿ ಮಾತಿಗೆ ಬರೋ ವಿಷ್ಯನೇ ಅಲ್ಲ. ಅರ್ಧಕ್ಕರ್ಧ ಬೆರೆಸಿದ ಮಿಕ್ಸು ಮೈನಸ್ 37ರವರೆಗೂ ಹೆಪ್ಪುಗಟ್ಟಲ್ಲ, ಆದ್ರೆ ಶುದ್ಧ ಗ್ಲೈಕಾಲ್ (ಕಾನ್ಸಂಟ್ರೇಟಲ್ಲಿ ಮುಖ್ಯವಾಗಿ ಇರೋದು ಇದೇ) ಮೈನಸ್ 13ರ ಹತ್ರಾನೇ ಗಟ್ಟಿ ಆಗೋಗುತ್ತೆ, ಬಂದ ಹೊಸದ್ರಲ್ಲಿ ನಂಗೂ ನಂಬೋಕೆ ಆಗ್ಲಿಲ್ಲ. ನಿಮಗೆ ಹಾಸನದಲ್ಲಿ ಹೆಪ್ಪಿನ ಭಯ ಇಲ್ಲ ಬಿಡಿ, ಆದ್ರೆ ನೀರಿನಷ್ಟು ಚೆನ್ನಾಗಿ ಬಿಸಿ ಹೊತ್ಕೊಂಡು ಹೋಗೋಕೆ ಗ್ಲೈಕಾಲ್‌ಗೆ ಬರಲ್ಲ, ಬರೀ ಅದನ್ನೇ ಹಾಕಿದ್ರೆ ಇಂಜಿನ್ ಇನ್ನೂ ಬಿಸಿ ಆಗುತ್ತೆ. ಅರ್ಧ ಡಿಸ್ಟಿಲ್ಡ್ ವಾಟರ್, ಬ್ಯಾಟರಿಗೆ ಹಾಕ್ತಾರಲ್ಲ ಅದೇ, ಅರ್ಧ ಕಾನ್ಸಂಟ್ರೇಟ್. ಡಬ್ಬದ ಮೇಲೆ ರೆಡಿ ಟು ಯೂಸ್ ಅಂತಿದ್ರೆ ಮತ್ತೆ ನೀರು ಬೆರೆಸ್ಬೇಡಿ.

ಇಲ್ಲಿ ಬರೀ ನೀರು ಹಾಕಿ ಒಂದು ರಾತ್ರಿ ಹೊರಗೆ ನಿಲ್ಲಿಸಿದ್ರೆ ಬೆಳಿಗ್ಗೆ ಬ್ಲಾಕ್ ಸೀಳಿರುತ್ತೆ, ನಿಮ್ಮಪ್ಪಂಗೆ ಇದನ್ನ ಹೇಳಿ ನೋಡಿ :)

ಹಾಸನ_ಹಳೇಗಾಡಿ | ಸೋಮವಾರ ಬೆಳಿಗ್ಗೆ 9:20

ಹೇಳ್ದೆ. "ಅವನು ಅಲ್ಲಿಗೆ ಯಾಕೆ ಹೋದ" ಅಂದ್ರು.

ಕಾಫಿತೋಟ | ಸೋಮವಾರ ಮಧ್ಯಾಹ್ನ 1:10

ನಾನು ಗಾಡಿ ರಿಪೇರಿ ಬಗ್ಗೆ ಹೇಳೋಷ್ಟು ತಿಳಿದೋಳಲ್ಲ, ಆದ್ರೆ ಒಂದು ಮಾತು. ಆ ಬೆಲ್ಲದ ಪಾಕದ ವಾಸನೆ ಅಂದ್ರಲ್ಲ, ಅದು ನಾಯಿಗೂ ಇಷ್ಟ. ನಮ್ಮ ಜೀಪಲ್ಲಿ ಹಿಂಗೇ ಕೂಲಂಟ್ ಸೋರಿ ಶೆಡ್ಡಲ್ಲಿ ನಿಂತಿದ್ದನ್ನ ನಮ್ಮ ಟಾಮಿ ನೆಕ್ಕಿತ್ತು, ಸಂಜೆ ಕುಡಿದೋರ ಥರ ತೂರಾಡ್ತಿತ್ತು, ನಾವು ಬಿಸಿಲಿಗೆ ಹಂಗಾಗಿದೆ ಅಂದ್ಕೊಂಡ್ವಿ. ಮಾರನೇ ದಿನ ಸ್ವಲ್ಪ ಚೇತರಿಸ್ಕೊಂಡಂಗೆ ಕಾಣ್ತು, ಮೂರನೇ ದಿನ ಕಿಡ್ನಿ ಹೋಯ್ತು. ಡಾಕ್ಟ್ರು ಹೇಳಿದ್ದು, ಅದು ಹೊಟ್ಟೆಗೆ ಹೋದ್ಮೇಲೆ ಆಕ್ಸಲಿಕ್ ಆಸಿಡ್ ಆಗಿ ಕಿಡ್ನಿಲಿ ಹರಳು ಕಟ್ಟುತ್ತೆ, ಮೊದಲ ಕೆಲವು ಗಂಟೆಲೇ ತಂದಿದ್ರೆ ಏನಾದ್ರೂ ಮಾಡ್ಬೋದಿತ್ತು ಅಂತ. ಡ್ರೈನ್ ಮಾಡಿದ್ದನ್ನ ಚರಂಡಿಗೆ ಚೆಲ್ಬೇಡಿ, ಬಕೆಟ್ಟಲ್ಲಿ ತೆಗೆದು ಮುಚ್ಚಿಡಿ, ಮನೇಲಿ ಚಿಕ್ಕ ಮಕ್ಳಿದ್ರೂ ಅಷ್ಟೆ.

ಘಾಟಿ_ಡ್ರೈವರ್ | ಸೋಮವಾರ ಮಧ್ಯಾಹ್ನ 1:30

ಅಯ್ಯೋ ಪಾಪ. ಇದು ನಂಗೂ ಗೊತ್ತಿರ್ಲಿಲ್ಲ, ನಾವು ರೋಡ್ ಪಕ್ಕದಲ್ಲೇ ಬಿಡ್ತಿದ್ವಿ.

ಹನ್ನೆರಡು_ಹದಿಮೂರು | ಸೋಮವಾರ ರಾತ್ರಿ 10:48

ಹಾಸನ ಅವ್ರೇ ನೀವು ಹೇಳಿದ್ದು ನೋಡಿದ್ರೆ ಗ್ಯಾಸ್ಕೆಟ್ ಇರ್ಲಿಕ್ಕಿಲ್ಲ. ಮೊದಲ ನಾಕು ಗುಳ್ಳೆ ಒಳಗೆ ಸಿಕ್ಕಿದ್ದ ಗಾಳಿ. ಆದ್ರೂ ಶಿರಾಡಿಲಿ ಅಷ್ಟು ಬಿಸಿ ಆಗಿದ್ದಕ್ಕೆ ಒಂದ್ಸಲ ಖಾತ್ರಿ ಮಾಡ್ಕೊಳಿ, ರೇಡಿಯೇಟರ್ ಬಾಯಿ ಮೇಲೆ ಇಟ್ಟು ನೋಡೋ ನೀಲಿ ನೀರಿನ ಟೆಸ್ಟ್ ಇದೆ, ಸಿಲಿಂಡರ್ ಗ್ಯಾಸ್ ಬರ್ತಿದ್ರೆ ನೀಲಿ ಹೋಗಿ ಹಳದಿ ಆಗುತ್ತೆ. ಹೆಡ್ ಇಳ್ಸೋ ಮುಂಚೆ ಇದನ್ನ ಮಾಡ್ದೆ ಇರೋನು ಊಹೆ ಮೇಲೆ ನಿಮ್ಮ ದುಡ್ಡು ಖರ್ಚು ಮಾಡ್ತಿದಾನೆ ಅಂತ ಅರ್ಥ.

ನೀವೇ ಕೊಟ್ಟಿರೋ ಸುಳಿವು ನೋಡಿ. ಊರೊಳಗೆ ಹೋಗಲ್ಲ, ಹೈವೇಲಿ ಹೋಗುತ್ತೆ, ರಾತ್ರಿ ನಿಂತಾಗ ಹನಿ ಇಲ್ಲ. ಅಂದ್ರೆ ಪ್ರೆಷರ್ ಬಂದಾಗ ಮಾತ್ರ ಚಿಮ್ತಿದೆ, ಚಿಮ್ಮಿದ್ದು ಬಿಸಿ ಇಂಜಿನ್ ಮೇಲೇ ಬಿದ್ದು ಆವಿ ಆಗ್ತಿದೆ. ಕ್ಯಾಪ್ ಮೇಲೆ 0.9 ಅಂತಲೋ 1.1 ಅಂತಲೋ ಬರ್ದಿರುತ್ತೆ, ಅದು ಆ ಸಿಸ್ಟಮ್ ತಡ್ಕೊಳ್ಳೋ ಪ್ರೆಷರ್. ಆ ಪ್ರೆಷರ್ ಇರೋದ್ರಿಂದಲೇ ಅರ್ಧಕ್ಕರ್ಧ ಕೂಲಂಟ್ 125 ಡಿಗ್ರಿ ದಾಟಿದ್ರೂ ಕುದಿಯಲ್ಲ. ಪ್ರೆಷರ್ ಇಲ್ಲದೆ ಬರೀ ನೀರಾದ್ರೆ ಸಕಲೇಶಪುರದ ಎತ್ತರದಲ್ಲಿ 97ಕ್ಕೇ ಕುದಿಯೋಕೆ ಶುರು. ಅದಕ್ಕೇ ಕ್ಯಾಪಿನ ರಬ್ಬರ್ ಹೋದ್ರೂ ಘಾಟಿಲಿ ಗಾಡಿ ಕುದಿಯೋದು, ಎಲ್ಲೂ ತೂತು ಬೇಕಾಗಿಲ್ಲ.

ಹಂಗಾಗಿ ಪ್ರೆಷರ್ ಟೆಸ್ಟ್ ಮಾಡಿಸಿ. ಸೈಕಲ್ ಪಂಪ್ ಥರ ಒಂದು ಕೈ ಪಂಪು, ಕ್ಯಾಪ್ ಜಾಗಕ್ಕೆ ಕೂರಿಸಿ ಕ್ಯಾಪ್ ಮೇಲೆ ಬರ್ದಿರೋಷ್ಟು ಮಾತ್ರ ಒತ್ತಿ, ಜಾಸ್ತಿ ಬೇಡ, ಇಂಜಿನ್ ತಣ್ಣಗಿದ್ದಾಗ. ಹದಿನೈದು ನಿಮಿಷ ಮೀಟರ್ ಮುಳ್ಳು ಇಳೀಬಾರ್ದು. ಇಳಿದ್ರೆ ಟಾರ್ಚ್ ಹಿಡ್ಕೊಂಡು ಮಲಗಿ ನೋಡಿ. ತಣ್ಣಗಿರೋದ್ರಿಂದ ಆವಿ ಆಗಿ ಮಾಯ ಆಗಲ್ಲ, ಹನಿ ಹನಿ ಕಾಣುತ್ತೆ. ನೋಡೋವಾಗ ಹನಿ ಬೀಳೋ ಜಾಗ ನೋಡ್ಬೇಡಿ, ಅಲ್ಲಿಂದ ಮೇಲಕ್ಕೆ ಮೇಲಕ್ಕೆ ಬೆರಳಾಡ್ಸಿ ಹೋಗಿ. ನೀರು ಮೇಲೆ ಹುಟ್ಟಿ ಪೈಪ್ ಹಿಡ್ಕೊಂಡು ಓಡಿ ಬೇರೆ ಮನೆ ಮುಂದೆ ಬೀಳುತ್ತೆ. ಒಣಗಿದ ಜಾಗದಲ್ಲಿ ಬಿಳಿ ಹಸಿರು ಪೊರೆ ಬಿಟ್ಟಿರುತ್ತೆ, ಅದು ಎಲ್ಲಿಂದ ಶುರು ಅಂತ ಹುಡುಕಿ. ವಾಟರ್ ಪಂಪ್ ಕೆಳಗೆ ಒಂದು ಸಣ್ಣ ಕಿಂಡಿ ಇರುತ್ತೆ, ಅದನ್ನ ಮರೀಬೇಡಿ, ಒಳಗಿನ ಸೀಲ್ ಹೋದ್ರೆ ಅಲ್ಲಿಂದ್ಲೇ ಹೊರಗೆ ಬರ್ಲಿ ಅಂತಾನೇ ಮಾಡಿರೋದು. ಅದನ್ನ ಎಂ-ಸೀಲ್ ಹಾಕಿ ಮುಚ್ಚಿದೋನೊಬ್ಬ ನನ್ನ ಹತ್ರ ಬಂದಿದ್ದ, ಆಮೇಲೆ ನೀರು ಬೇರಿಂಗ್ ಒಳಗೆ ಹೋಗಿ ಪಂಪೇ ಸೀಝ್.

ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು ಅಂತಲೂ ಹೇಳಿ. ಸುಮಾರು ಗಾಡಿಲಿ ವಾಟರ್ ಪಂಪ್ ತಿರುಗೋದು ಆ ಬೆಲ್ಟಿಂದ್ಲೇ, ಒಂದು ಬಿಚ್ಚಿದ್ರೆ ಎರಡೂ ಹಾಕ್ಸೋದು ಲಾಭ.

ಹಾಸನ_ಹಳೇಗಾಡಿ | ಮಂಗಳವಾರ ಬೆಳಿಗ್ಗೆ 7:50

ಬೆಲ್ಟು ಪಂಪು ಎರಡೂ 80,000 ಕಿಮೀಗೆ ಹಾಕ್ಸಿದೀವಿ, ಬಿಲ್ ಇದೆ. ಇನ್ನೊಂದು ಈಗ ನೆನಪಾಯ್ತು, ಮೊದಲನೇ ಗ್ಯಾರೇಜ್‌ನೋರು ಇಂಜಿನ್ನೂ ಗೇರ್‌ಬಾಕ್ಸೂ ಸೇರೋ ಜಾಗದಲ್ಲಿ ಕಲೆ ಇದೆ, ಆಯಿಲ್ ಸೀಲ್ ಮುಂದೆ ಯಾವತ್ತಾದ್ರೂ ಮಾಡಿಸ್ಬೇಕು ಅಂದಿದ್ರು.

ಹನ್ನೆರಡು_ಹದಿಮೂರು | ಮಂಗಳವಾರ ಬೆಳಿಗ್ಗೆ 8:02

ಕಲೆ ಕಪ್ಪಾ, ಬಿಳಿಯಾ?

ಹಾಸನ_ಹಳೇಗಾಡಿ | ಮಂಗಳವಾರ ಬೆಳಿಗ್ಗೆ 8:25

ಮೊಬೈಲ್ ಕೆಳಗೆ ತೂರಿಸಿ ಫೋಟೋ ತೆಗ್ದೆ. ಬಿಳಿ, ಅಂಚಲ್ಲಿ ಸ್ವಲ್ಪ ಹಸಿರು. ಮುಟ್ಟಿದ್ರೆ ಉಪ್ಪಿನ ಥರ ಪುಡಿ ಪುಡಿ.

ಹನ್ನೆರಡು_ಹದಿಮೂರು | ಮಂಗಳವಾರ ಬೆಳಿಗ್ಗೆ 8:27

ಆಯಿಲ್ ಯಾವತ್ತಾದ್ರೂ ಒಣಗಿ ಉಪ್ಪಾಗುತ್ತಾ ಸ್ವಾಮಿ. ಅದೇ ನಿಮ್ಮ ಅರ್ಧ ಲೀಟರು. ಇಂಜಿನ್ ಹಿಂದೆ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ವಾಟರ್ ಪಂಪಿಗೆ ಹೋಗೋ ಕಬ್ಬಿಣದ ಪೈಪ್ ಇರ್ಬೋದು, ಅದನ್ನ ನೋಡಿ. ಇಲ್ಲಾಂದ್ರೆ ಧಾರವಾಡದೋರು ಹೇಳಿದ ಪ್ಲಗ್ಗು.

ಕುಡ್ಲದ_ಮಳೆ | ಮಂಗಳವಾರ ಬೆಳಿಗ್ಗೆ 9:00

ಯಾವುದೇ ಆಗಲಿ, ಟೆಸ್ಟ್ ಮಾಡಿಸುವವರೆಗೆ ಘಾಟಿಗೆ ಮಾತ್ರ ಹೋಗ್ಬೇಡಿ. ಅರ್ಜೆಂಟಿಗೆ ಹೋಗ್ಲೇಬೇಕಾದ್ರೆ ಐದು ಲೀಟರ್ ನೀರು ಡಿಕ್ಕಿಯಲ್ಲಿರಲಿ. ಬಿಸಿ ಏರಿದ್ರೆ ಎಸಿ ಬಂದ್ ಮಾಡಿ ಹೀಟರ್ ಫುಲ್ ಇಡಿ, ಸೆಕೆಯಲ್ಲಿ ಸಾಯುವ ಹಾಗೆ ಆಗ್ತದೆ ಆದರೆ ಅದೂ ಒಂದು ಸಣ್ಣ ರೇಡಿಯೇಟರೇ ಅಲ್ವಾ, ನಿಲ್ಲಿಸುವ ಜಾಗ ಸಿಗುವವರೆಗೆ ಸ್ವಲ್ಪ ಬಿಸಿ ಎಳೀತದೆ. ಕಾದ ಇಂಜಿನಿಗೆ ತಣ್ಣೀರು ಒಮ್ಮೆಗೇ ಸುರಿಯುವುದಲ್ಲ, ಕಾಯಬೇಕು.

ಧಾರವಾಡ_ಪೇಢಾ | ಮಂಗಳವಾರ ಸಂಜೆ 6:40

ಪ್ಲಗ್ಗೇ ಇರ್ತದ ನೋಡ್ರಿ. ಒಂದ್ ಡಜನ್ ಪೇಢಾ ಪಂಥ.

ಹಾಸನ_ಹಳೇಗಾಡಿ | ಶನಿವಾರ ರಾತ್ರಿ 8:15

ಎಲ್ರೂ ಕ್ಷಮಿಸಿ, ಮೂರನೇ ಗ್ಯಾರೇಜ್ ಹುಡುಕೋಕೇ ಮೂರು ದಿನ ಆಯ್ತು, ಪ್ರೆಷರ್ ಟೆಸ್ಟರ್ ಇದ್ಯಾ ಅಂತ ಫೋನಲ್ಲಿ ಕೇಳಿದ್ರೆ ನಾಕು ಜನ ಟೈರ್ ಪ್ರೆಷರ್ ಅಂದ್ಕೊಂಡ್ರು. ಕೊನೆಗೆ ಬೇಲೂರು ರೋಡಲ್ಲಿ ಒಬ್ಬ ವಯಸ್ಸಾದೋರು ಸಿಕ್ಕಿದ್ರು. ನೀಲಿ ನೀರಿನ ಟೆಸ್ಟ್ ಮಾಡಿದ್ರು, ನೀಲಿನೇ ಇತ್ತು. ಪಂಪ್ ಕೂರಿಸಿ 0.9ಕ್ಕೆ ಒತ್ತಿದ್ರು, ಐದು ನಿಮಿಷಕ್ಕೆ 0.6ಕ್ಕೆ ಇಳೀತು. ನೆಲದ ಮೇಲೆ ಆಗ್ಲೂ ಏನಿಲ್ಲ! ಅವರು ಹಲ್ಲು ಡಾಕ್ಟರ ಹತ್ರ ಇರುತ್ತಲ್ಲ ಅಂಥ ಸಣ್ಣ ಕನ್ನಡಿ ತಂದು ಮ್ಯಾನಿಫೋಲ್ಡ್ ಹಿಂದೆ ತೂರಿಸಿ ಟಾರ್ಚ್ ಬಿಟ್ರು, ನಂಗೂ ತೋರ್ಸಿದ್ರು. ಕಬ್ಬಿಣದ ಪೈಪೇ. ಕ್ಲಾಂಪ್ ಇರೋ ಜಾಗದ ಪಕ್ಕ ಸೂಜಿ ತೂತು, ಅದ್ರಿಂದ ಕೂದಲಿನಷ್ಟು ಸಣ್ಣ ನೀರು ಬ್ಲಾಕಿಗೆ ಚಿಮ್ತಾ ಇತ್ತು, ಅಲ್ಲಿಂದ ಇಳಿದು ಗೇರ್‌ಬಾಕ್ಸ್ ಮೇಲೆ.

ಮ್ಯಾನಿಫೋಲ್ಡ್ ಬಿಚ್ಚಿ ಪೈಪ್ ತೆಗೆದ್ರು. ಹೊರಗೆ ಪೇಂಟ್ ಚೆನ್ನಾಗೇ ಇತ್ತು, ಬೆರಳಲ್ಲಿ ಒತ್ತಿದ್ರೆ ಹಪ್ಪಳದ ಥರ ಒಳಗೆ ಹೋಯ್ತು. ನಲ್ಲಿ ನೀರಿನ ಕೆಲ್ಸ. ಪೈಪು ಓ-ರಿಂಗ್ ಸೇರಿ 600, ಥರ್ಮೋಸ್ಟಾಟ್ ಮತ್ತೆ ಹಾಕ್ಸಿದ್ದು 550, ಕ್ಯಾಪ್ 250, ಕೂಲಂಟ್ 700, ಕೂಲಿ 1,500. ಒಟ್ಟು 3,600. ಸ್ಪೇರ್ ಹಾಸನದಲ್ಲಿ ಸಿಗ್ಲಿಲ್ಲ, ತಮ್ಮ ಬೆಂಗಳೂರಲ್ಲಿ ಜೆ.ಸಿ. ರಸ್ತೆಲಿ ನಾಕು ಅಂಗಡಿ ಸುತ್ತಿ ಬಸ್ಸಲ್ಲಿ ಕಳ್ಸಿದ. ಇವತ್ತು ಸಕಲೇಶಪುರಕ್ಕೆ ಹೋಗಿ ಬಂದೆ, ಒಂದು ಗೆರೆನೂ ಇಳ್ದಿಲ್ಲ.

ಬದಲಾಯಿಸಿದ ಹೊಸ ರೇಡಿಯೇಟರ್ ದುಡ್ಡಿನ ಬಗ್ಗೆ ಕೇಳ್ಬೇಡಿ, ಹೊಟ್ಟೆ ಉರಿಯುತ್ತೆ.

ಹನ್ನೆರಡು_ಹದಿಮೂರು | ಶನಿವಾರ ರಾತ್ರಿ 10:30

ಒಳ್ಳೇ ಕೆಲ್ಸ ಮಾಡಿದಾರೆ, ಅವರ ಕೈ ಬಿಡ್ಬೇಡಿ. ಗಾಳಿ ಸರಿಯಾಗಿ ತೆಗೆದ್ರಾ? ಮೂತಿ ಮೇಲಾಗಿ ನಿಲ್ಲಿಸಿ, ಕ್ಯಾಪ್ ಬಿಚ್ಚಿ, ಹೀಟರ್ ಫುಲ್ ಇಟ್ಟು, ಥರ್ಮೋಸ್ಟಾಟ್ ತಾನೇ ಓಪನ್ ಆಗಿ ಮೇಲಿನ ಹೋಸ್ ಬಿಸಿ ಆಗೋವರೆಗೂ ಓಡಿಸ್ಬೇಕು, ಗುಳ್ಳೆ ನಿಲ್ಬೇಕು. ತಣ್ಣಗಿದ್ದಾಗ ಶುರು ಮಾಡೋದು ಇದು, ಕಾದ ಮೇಲೆ ಕ್ಯಾಪ್ ಬಿಚ್ಚೋದಲ್ಲ. ಇನ್ನೊಂದು ವಾರ ದಿನಾ ಬೆಳಿಗ್ಗೆ ಲೆವೆಲ್ ನೋಡಿ, ಒಳಗೆ ಉಳಿದ ಗಾಳಿ ಹೊರಗೆ ಬಂದು ಸ್ವಲ್ಪ ಇಳಿದ್ರೆ ಗಾಬರಿ ಬೇಡ. ಮತ್ತೆ ಬೇರೆ ಬಣ್ಣದ ಕೂಲಂಟ್ ಇದಕ್ಕೆ ಸೇರಿಸ್ಬೇಡಿ. ಬಣ್ಣ ಒಂದೇ ಇದ್ರೂ ಒಳಗಿನ ಮಾಲು ಬೇರೆ ಇರ್ಬೋದು, ಅದಕ್ಕೆ ಡಬ್ಬ ಬಿಸಾಕ್ದೆ ಫೋಟೋ ತೆಗೆದಿಡಿ.

ಧಾರವಾಡ_ಪೇಢಾ | ಶನಿವಾರ ರಾತ್ರಿ 10:41

ಪೇಢಾ ಕೊಡೂದು ಯಾರಿಗ್ರೀ ಈಗ? ಅಡ್ರೆಸ್ ಕಳಸ್ರಿ ಗುರುಗಳ.

ಕಾಫಿತೋಟ | ಭಾನುವಾರ ಬೆಳಿಗ್ಗೆ 8:20

ಅಪ್ಪ ಏನಂದ್ರು ಪೈಪ್ ನೋಡಿ?

ಹಾಸನ_ಹಳೇಗಾಡಿ | ಭಾನುವಾರ ಬೆಳಿಗ್ಗೆ 8:45

"ಹದಿನೆಂಟು ವರ್ಷ ಬಂತಲ್ಲ" ಅಂದ್ರು.

ತುಮಕೂರು_ಟರ್ಬೊ | ಭಾನುವಾರ ಬೆಳಿಗ್ಗೆ 11:30

ಸಾರ್ ನಂದೂ ಸೇಮ್ ಪ್ರಾಬ್ಲಮ್ಮು ಆದ್ರೆ 2011 ಡೀಸೆಲ್, ಕೂಲಂಟ್ ಕಮ್ಮಿ ಆಗ್ತಿದೆ ಅಂತ ಅನ್ಸುತ್ತೆ ಎಷ್ಟು ಅಂತ ಗೊತ್ತಿಲ್ಲ, ನಾನೂ ಆ ಪೈಪೇ ಹಾಕ್ಸಿಬಿಡ್ಲಾ?

ಹನ್ನೆರಡು_ಹದಿಮೂರು | ಭಾನುವಾರ ಬೆಳಿಗ್ಗೆ 11:52

ಏನೂ ಹಾಕ್ಸ್ಬೇಡಪ್ಪ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಕೂಲಂಟ್ ಟ್ಯಾಂಕಿ ಮೇಲೆ ಮಾರ್ಕರಲ್ಲಿ ಗೆರೆ ಎಳಿ, ಕಿಲೋಮೀಟರ್ ಬರ್ಕೊ, ಎಂಟು ದಿನ ಬಿಟ್ಟು ಬಂದು ಹೇಳು.